ತರಿ: ದೋಷವೋ, ಗುಣವೋ?

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಸಂದರ್ಭದಲ್ಲಿ ವಿದ್ಯಾರ್ಥಿಗಳು ತಾವೇ ತೆಗೆದ ಛಾಯಾಚಿತ್ರಗಳದೊಂದು ಸಣ್ಣ ಪ್ರದರ್ಶನವನ್ನು ಏರ್ಪಡಿಸಿದ್ದರು. ಅದರಲ್ಲಿ ಸಂತೆಯ ಒಂದು ದೃಶ್ಯ ನನ್ನ ಗಮನವನ್ನು ಸೆಳೆಯಿತು. ಚಿತ್ರವೇನೋ ಚೆನ್ನಾಗಿತ್ತು, ಆದರೆ ಆಕಾಶದಲ್ಲಿ, ಗೋಡೆಯಲ್ಲಿ, ತರಕಾರಿ ಮಾರುವ ಮುದುಕನ ಮುಖದಲ್ಲಿ, ಎಲ್ಲೆಲ್ಲಿಯೂ ರವೆ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು. "ಏನಪ್ಪಾ, ಕ್ಯಾಮರಾ ಕೆಟ್ಟಿತ್ತೇನು?" ಎಂದು ಕೇಳಿದೆ. ಆ ಹುಡುಗ ನನ್ನ ಅಜ್ಞಾನವನ್ನು ಮನ್ನಿಸುವವನಂತೆ ನಕ್ಕು, "ಇಲ್ಲ ಸಾರ್, ಮೊಬೈಲಿನಲ್ಲೇ ತೆಗೆದದ್ದು. ಆಮೇಲೆ ಗ್ರೇನ್ ಹಾಕಿದ್ದೀನಿ" ಎಂದ. ಬೇಳೆಗೆ ಒಗ್ಗರಣೆ ಹಾಕಿದೆ ಎನ್ನುವಷ್ಟು ಸಹಜವಾಗಿತ್ತು ಆ ಮಾತು.

ಈ ಹುಡುಗ ಹುಟ್ಟುವ ಹೊತ್ತಿಗೆ ಫಿಲ್ಮಿನ ಕಾಲ ಮುಗಿಯುತ್ತ ಬಂದಿತ್ತು. ಸುರುಳಿಯನ್ನು ಕ್ಯಾಮರಾದೊಳಗೆ ತೊಡಿಸಿ, ಮೂವತ್ತಾರು ಚಿತ್ರಗಳು ಮುಗಿಯುವ ತನಕ ಕಾದು, ತೊಳೆಯಲು ಕೊಟ್ಟು, ನಾಲ್ಕು ದಿನ ಬಿಟ್ಟು ಸ್ಟುಡಿಯೋದ ಬಾಗಿಲಲ್ಲಿ ನಿಂತ ಅನುಭವ ಅವನಿಗಿಲ್ಲ. ಅವನ ತಂದೆಯ ಕಾಲದವರು ಯಾವುದನ್ನು ಕಂಡು "ಫೋಟೋ ಒಡೆದುಹೋಗಿದೆ" ಎಂದು ಸ್ಟುಡಿಯೋದವರೊಡನೆ ವಾದಕ್ಕೆ ನಿಲ್ಲುತ್ತಿದ್ದರೋ ಅದನ್ನೇ ಅವನು ಬೇಕೆಂದು ಕೇಳಿ ಪಡೆಯುತ್ತಾನೆ.

ಇದನ್ನು ಹುಡುಗರ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. 2021ರಲ್ಲಿ ತೆರೆಕಂಡ 'ಡ್ಯೂನ್' ಎಂಬ ಹಾಲಿವುಡ್ ಚಿತ್ರವನ್ನು ಡಿಜಿಟಲ್ ಕ್ಯಾಮರಾದಲ್ಲಿ ತೆಗೆದರು. ತೆಗೆದದ್ದನ್ನು 35 ಮಿಲಿಮೀಟರ್ ಫಿಲ್ಮಿನ ಮೇಲೆ ಮೂಡಿಸಿದರು. ಆ ಫಿಲ್ಮನ್ನು ಸ್ಕ್ಯಾನ್ ಮಾಡಿ ಮರಳಿ ಡಿಜಿಟಲ್ ರೂಪಕ್ಕೆ ತಂದರು. ನದಿಯಲ್ಲಿ ಒಂದು ಮುಳುಗು ಹಾಕಿಸಿ ಮೇಲೆತ್ತಿದ ಹಾಗೆ. ಮರುವರ್ಷ ಬಂದ 'ದಿ ಬ್ಯಾಟ್‌ಮನ್' ಚಿತ್ರಕ್ಕೂ ಇದೇ ಸ್ನಾನ ನಡೆಯಿತು. ಎರಡಕ್ಕೂ ಗ್ರೇಗ್ ಫ್ರೇಸರ್ ಅವರೇ ಛಾಯಾಗ್ರಾಹಕರು.

ಇದಕ್ಕಿಂತ ಸೋಜಿಗವಾದದ್ದು ಮನೆಮನೆಗೆ ಚಲನಚಿತ್ರವನ್ನು ಕಳುಹಿಸುವ ನೆಟ್‌ಫ್ಲಿಕ್ಸ್ ಸಂಸ್ಥೆ 2025ರಲ್ಲಿ ವ್ಯಾಪಕವಾಗಿ ಬಳಕೆಗೆ ತಂದ ಒಂದು ವಿಧಾನ. ಚಲನಚಿತ್ರವನ್ನು ತಂತಿಯ ಮೂಲಕ ಕಳುಹಿಸುವವರು ಹಿಂದಿನ ಚೌಕಟ್ಟಿಗೂ ಮುಂದಿನ ಚೌಕಟ್ಟಿಗೂ ಇರುವ ಹೋಲಿಕೆಯನ್ನು ನಂಬಿ ಬದುಕುತ್ತಾರೆ. ಬದಲಾಗದ ಗೋಡೆಯನ್ನು ಮತ್ತೆ ಮತ್ತೆ ಕಳುಹಿಸಬೇಕಾಗಿಲ್ಲವಷ್ಟೆ. ಆದರೆ ಈ ಚುಕ್ಕೆಗಳು ಸೆಕೆಂಡಿಗೆ ಇಪ್ಪತ್ತನಾಲ್ಕು ಸಲ ಹೊಸದಾಗಿ ಹುಟ್ಟುತ್ತವೆ. ಒಂದು ಚೌಕಟ್ಟಿನಲ್ಲಿದ್ದ ಚುಕ್ಕೆ ಇನ್ನೊಂದರಲ್ಲಿ ಅಲ್ಲಿರುವುದಿಲ್ಲ. ಅವನ್ನು ಯಥಾವತ್ತಾಗಿ ಕಳುಹಿಸಹೊರಟರೆ ಚಿತ್ರಕ್ಕಿಂತ ಚುಕ್ಕೆಗಳ ಸಾಗಾಣಿಕೆಯೇ ದುಬಾರಿ. ಆದ್ದರಿಂದ 2018ರಲ್ಲಿ ಸಿದ್ಧಗೊಂಡ ಎವಿ1 ಎಂಬ ಸಂಕೇತಪದ್ಧತಿಯಲ್ಲಿ ಒಂದು ಉಪಾಯವಿದೆ: ಮೊದಲು ಚಿತ್ರದಿಂದ ಚುಕ್ಕೆಗಳನ್ನೆಲ್ಲ ಜರಡಿಹಿಡಿದು ತೆಗೆದುಹಾಕುವುದು, ಅವು ಎಷ್ಟು ದಪ್ಪ, ಎಷ್ಟು ದಟ್ಟ, ನೆರಳಿನಲ್ಲಿ ಹೇಗೆ, ಬೆಳಕಿನಲ್ಲಿ ಹೇಗೆ ಎಂಬ ಲಕ್ಷಣಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳುಹಿಸುವುದು, ನೋಡುವವರ ಮನೆಯ ಯಂತ್ರ ಆ ಚೀಟಿಯನ್ನು ಓದಿ ಅಂಥವೇ ಚುಕ್ಕೆಗಳನ್ನು ತಾನೇ ತಯಾರಿಸಿ ಚಿತ್ರದ ಮೇಲೆ ಚೆಲ್ಲುವುದು. ಅಂದರೆ ಇಂದು ನಾವು ಮನೆಯಲ್ಲಿ ಕುಳಿತು ಹಳೆಯ ಚಿತ್ರವೊಂದರಲ್ಲಿ ಕಾಣುವ ಚುಕ್ಕೆ ಆ ಚಿತ್ರದ ಚುಕ್ಕೆಯೇ ಆಗಿರಬೇಕೆಂದಿಲ್ಲ. ನಮ್ಮ ಪೆಟ್ಟಿಗೆಯೇ ಆಗತಾನೆ ಬೀಸಿದ ಹಿಟ್ಟೂ ಆಗಿರಬಹುದು.

ಮುಂದೆ ಹೋಗುವ ಮೊದಲು ಪದದ ವಿಚಾರ. ಇಂಗ್ಲಿಷಿನವರು ಗ್ರೇನ್ ಎನ್ನುವುದನ್ನು ಕಣ ಎನ್ನಬಹುದು. ಆದರೆ ಕಣ ಎಂದೊಡನೆ ಭೌತಶಾಸ್ತ್ರದ ಪಾಠ ನೆನಪಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ತರಿ. ನುಣ್ಣಗೆ ಬೀಸಬೇಡ, ತರಿತರಿಯಾಗಿರಲಿ ಎನ್ನುತ್ತಾರೆ. ಕೆಲವು ತಿನಿಸಿಗೆ ತರಿಯಿದ್ದರೇ ರುಚಿ, ಕೆಲವಕ್ಕೆ ಅದೇ ಕೇಡು ಎಂಬ ವಿವೇಕವೂ ಆ ಮಾತಿನಲ್ಲಿದೆ. ಆದ್ದರಿಂದ ಈ ಲೇಖನದಲ್ಲಿ ತರಿ ಎಂದೇ ಕರೆಯುತ್ತೇನೆ. ವಿಚಿತ್ರವೆಂದರೆ, ಡಿಜಿಟಲ್ ಕ್ಯಾಮರಾದಲ್ಲಿ ಕಾಣುವ ಇಂಥವೇ ಚುಕ್ಕೆಗಳಿಗೆ ಇಂಗ್ಲಿಷಿನವರು ಕೊಟ್ಟ ಹೆಸರು ನಾಯ್ಸ್, ಎಂದರೆ ಗದ್ದಲ. ಫಿಲ್ಮಿನದು ಧಾನ್ಯ, ಯಂತ್ರದ್ದು ಗದ್ದಲ! ಹೆಸರಿಡುವಾಗಲೇ ತೀರ್ಪೂ ಆಗಿಹೋಯಿತು. ಒಂದಕ್ಕೆ ಹೊಲದ ನೆನಪು, ಇನ್ನೊಂದಕ್ಕೆ ಕೆಟ್ಟ ಟೆಲಿಫೋನಿನ ನೆನಪು.

ವಸ್ತುಸ್ಥಿತಿ ಏನು? ಫಿಲ್ಮಿನ ಮೇಲೆ ಜೆಲಟಿನ್ನಿನ ತೆಳುವಾದ ಲೇಪವಿರುತ್ತದೆ. ಅದರೊಳಗೆ ಬೆಳ್ಳಿಯ ಲವಣದ ಹರಳುಗಳು; ಒಂದೊಂದೂ ಸುಮಾರು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಬೆಳಕು ತಗುಲಿದ ಹರಳು ಡೆವಲಪರ್ ದ್ರಾವಣದಲ್ಲಿ ಬೆಳ್ಳಿಯಾಗಿ ಕಪ್ಪಾಗುತ್ತದೆ. ಬೆಳಕು ತಗುಲದ್ದನ್ನು ಮುಂದಿನ ದ್ರಾವಣ ಕರಗಿಸಿ ಕಳೆಯುತ್ತದೆ. ಒಂಟಿ ಹರಳು ಕಣ್ಣಿಗೆ ಕಾಣುವಂಥದಲ್ಲ. ಅವು ಒಂದರ ಹಿಂದೊಂದು ನಿಂತು ಗುಂಪುಗೂಡಿದಲ್ಲಿ, ಅಗಲಿದಲ್ಲಿ, ನಮ್ಮ ಕಣ್ಣು ತರಿಯನ್ನು ಕಾಣುತ್ತದೆ. ಹರಳು ದೊಡ್ಡದಾದಷ್ಟೂ ಬೆಳಕನ್ನು ಬೇಗ ಹಿಡಿಯುತ್ತದೆ. ಮಬ್ಬಿನಲ್ಲಿ ಚಿತ್ರ ತೆಗೆಯುವ ಫಿಲ್ಮು ಒರಟಾಗಿರುವುದು ಆ ಕಾರಣದಿಂದ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿಯೂ ತೊಳೆದುಹೋಗಿ, ಅದಿದ್ದ ಜಾಗದಲ್ಲಿ ಬಣ್ಣದ ಪುಟ್ಟ ಮೋಡಗಳು ಉಳಿಯುತ್ತವೆ. ಹೀಗಿರುವಾಗ ತರಿಯನ್ನು ಚಿತ್ರದ ಮೇಲೆ ಕುಳಿತ ಧೂಳಿನಂತೆ ಕಾಣುವುದು, ಪುಡಿಯನ್ನೆಲ್ಲ ಗುಡಿಸಿ ರಂಗೋಲಿಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದ ಹಾಗೆ.

ಆದರೂ ಫಿಲ್ಮಿನ ಕಾಲದವರು ತರಿಯನ್ನು ಪೂಜಿಸುತ್ತಿದ್ದರೆಂದು ತಿಳಿಯುವುದು ತಪ್ಪು. 1932ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು 'ಎಫ್/64' ಎಂಬ ಗುಂಪು ಕಟ್ಟಿದ್ದು ಚಿತ್ರದ ಪ್ರತಿಯೊಂದು ಎಳೆಯೂ ಸ್ಫುಟವಾಗಿ ಕಾಣಬೇಕೆಂಬ ಹಟದಿಂದ. ಅವರು ಹೊತ್ತು ತಿರುಗುತ್ತಿದ್ದ ದೊಡ್ಡ ಕ್ಯಾಮರಾಗಳ ದೊಡ್ಡ ನೆಗೆಟಿವ್‌ಗಳಲ್ಲಿ ತರಿಯ ಮಾತೇ ಇರಲಿಲ್ಲ. ರಸಾಯನಶಾಸ್ತ್ರಜ್ಞರು ನವುರಾದ ತರಿಗಾಗಿಯೇ ಬಗೆಬಗೆಯ ದ್ರಾವಣಗಳನ್ನು ಕಂಡುಹಿಡಿದರು. 1980ರ ದಶಕದಲ್ಲಿ ಕೊಡಕ್ ಕಂಪನಿ ಹರಳುಗಳನ್ನೇ ಬಿಲ್ಲೆಯಂತೆ ಚಪ್ಪಟೆಯಾಗಿ ಬೆಳೆಸಿ, ವೇಗವನ್ನು ಕಳೆಯದೆ ತರಿಯನ್ನು ತಗ್ಗಿಸಿತು. ಸುಮಾರು ಒಂದು ಶತಮಾನದ ದುಡಿಮೆಯೆಲ್ಲ ತರಿಯನ್ನು ಕಡಿಮೆಮಾಡುವುದಕ್ಕೆ ವ್ಯಯವಾಯಿತೆನ್ನಬಹುದು. ಇಂದು ತರಿಯನ್ನು ಹಾಡಿ ಹೊಗಳುವ ನಮ್ಮ ಗೆಳೆಯರು ಈ ಮಾತನ್ನು ಜಾಣತನದಿಂದ ಮರೆಯುತ್ತಾರೆ.

ತರಿಗೆ ಮರ್ಯಾದೆ ಬಂದದ್ದು ರಣರಂಗದಿಂದ, ಬೀದಿಯಿಂದ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತಡಿಯಲ್ಲಿ ಸೈನಿಕರೊಡನೆ ಇಳಿದ ರಾಬರ್ಟ್ ಕಾಪಾ ತೆಗೆದ ಚಿತ್ರಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅವು ಅಲುಗಾಡಿದವು, ಮಸುಕಾದವು, ಒರಟಾದವು. ಆದರೆ ಆ ಒರಟುತನವೇ ಅಲ್ಲಿ ಸಾಕ್ಷಿಯ ರುಜು. 1954ರಲ್ಲಿ ಟ್ರೈ-ಎಕ್ಸ್ ಎಂಬ ವೇಗದ ಫಿಲ್ಮು 35 ಮಿಲಿಮೀಟರ್ ಅಳತೆಯಲ್ಲಿ ದೊರೆಯುವಂತಾದ ಮೇಲೆ ಪತ್ರಿಕೆಯ ಛಾಯಾಗ್ರಾಹಕರು ದೀಪದ ಹಂಗಿಲ್ಲದೆ ಗಲ್ಲಿ, ಗಿರಣಿ, ಆಸ್ಪತ್ರೆಗಳನ್ನು ಹೊಕ್ಕರು. ಕಪ್ಪು-ಬಿಳುಪಿನ ತರಿ ಎಂದರೆ ನಿಜ ಎಂಬ ಭಾವನೆ ಓದುಗರ ಮನಸ್ಸಿನಲ್ಲಿ ಬೇರುಬಿಟ್ಟದ್ದು ಇಂಥ ಚಿತ್ರಗಳಿಂದಲೇ ಎಂದು ನನ್ನ ಊಹೆ. 1968ರಲ್ಲಿ ಜಪಾನಿನಲ್ಲಿ ಆರಂಭವಾಗಿ ಮೂರೇ ಸಂಚಿಕೆಗಳಿಗೆ ನಿಂತುಹೋದ 'ಪ್ರೊವೋಕ್' ಪತ್ರಿಕೆಯ ಛಾಯಾಗ್ರಾಹಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒರಟು, ಅಲುಗಾಟ, ಮಸುಕು ಈ ಮೂರನ್ನೇ ತಮ್ಮ ಶೈಲಿಯನ್ನಾಗಿ ಮಾಡಿಕೊಂಡರು. ದೋಷ ಹೀಗೆ ಅಲಂಕಾರವಾಯಿತು. ಕನ್ನಡ ಓದಿದವರಿಗೆ ಇದು ಅಪರಿಚಿತವಲ್ಲ. ನಮ್ಮ ಕವಿರಾಜಮಾರ್ಗದ ಮೊದಲ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ ನಿರ್ಣಯ. ಆಶ್ರಯ ಚೆಲುವಾಗಿದ್ದರೆ ಕೊಳಕೂ ಶೋಭಿಸುತ್ತದೆ, ಚೆಲುವೆಯ ಕಣ್ಣಿನ ಕಾಡಿಗೆಯ ಹಾಗೆ, ಎಂಬ ಅಭಿಪ್ರಾಯವನ್ನು ಭಾಮಹ ಅದಕ್ಕೂ ಹಿಂದೆಯೇ ಹೇಳಿಬಿಟ್ಟಿದ್ದ.

ಆದರೆ ತರಿಯ ವಿಷಯದಲ್ಲಿ ಅಲಂಕಾರಕ್ಕಿಂತ ಆಳವಾದ ಒಂದು ಮಾತಿದೆ. ಅದನ್ನು ನನಗೆ ತಿಳಿಸಿಕೊಟ್ಟದ್ದು ಇಟಲಿಯ ಆಂಟೋನಿಯೋನಿ 1966ರಲ್ಲಿ ತೆಗೆದ 'ಬ್ಲೋ-ಅಪ್' ಚಿತ್ರ. ಲಂಡನ್ನಿನ ಒಬ್ಬ ಛಾಯಾಗ್ರಾಹಕ ಉದ್ಯಾನವೊಂದರಲ್ಲಿ ಒಬ್ಬ ಹೆಣ್ಣಿನ, ಒಬ್ಬ ಗಂಡಿನ ಚಿತ್ರಗಳನ್ನು ತೆಗೆಯುತ್ತಾನೆ. ಮನೆಗೆ ಬಂದು ಅವನ್ನು ಹಿಗ್ಗಿಸಿ ಗೋಡೆಗೆ ತೂಗುಹಾಕಿ ನೋಡುತ್ತಾನೆ. ಆಕೆ ಅತ್ತ ಯಾಕೆ ನೋಡುತ್ತಿದ್ದಾಳೆ? ಆ ಮೂಲೆಯನ್ನು ಹಿಗ್ಗಿಸುತ್ತಾನೆ. ಪೊದೆಯ ನಡುವೆ ಪಿಸ್ತೂಲು ಹಿಡಿದ ಕೈಯಂಥದೇನೋ. ಇನ್ನೊಂದನ್ನು ಹಿಗ್ಗಿಸುತ್ತಾನೆ, ಮರದ ಬುಡದಲ್ಲಿ ಮಲಗಿದ ದೇಹದಂಥದೇನೋ. ಹಿಗ್ಗಿಸಿದಷ್ಟೂ ತರಿ ದೊಡ್ಡದಾಗುತ್ತದೆ. ಕೊನೆಗೆ ಕಳ್ಳತನದಲ್ಲಿ ಎಲ್ಲ ಹೋಗಿ ಉಳಿದ ಒಂದೇ ಒಂದು ಪ್ರತಿಯನ್ನು ಬೇರೆಯವರಿಗೆ ತೋರಿಸಿದಾಗ ಅವರ ಕಣ್ಣಿಗೆ ಅದು ನವ್ಯ ಚಿತ್ರಕಾರನೊಬ್ಬನ ಬಣ್ಣದ ಚುಕ್ಕೆಗಳಂತೆ ತೋರುತ್ತದೆ, ಅಷ್ಟೆ. ಹತ್ತಾರು ವರ್ಷಗಳ ಹಿಂದೆ ಇದನ್ನು ಮೊದಲ ಬಾರಿ ನೋಡಿದಾಗ ಕೊಲೆ ನಡೆದದ್ದು ನಿಜವೋ ಸುಳ್ಳೋ ಎಂಬುದರ ಮೇಲೆಯೇ ನನ್ನ ಗಮನವೆಲ್ಲ ಇತ್ತು. ಈಗ ನೋಡಿದರೆ ಆ ತರಿಯ ಪ್ರಾಮಾಣಿಕತೆ ಎದ್ದು ಕಾಣುತ್ತದೆ. ಫಿಲ್ಮು ತನಗೆ ಗೊತ್ತಿದ್ದಷ್ಟನ್ನು ಹೇಳಿತು. ಗೊತ್ತಿಲ್ಲದ ಗಡಿಗೆ ಬಂದಾಗ ಮುಖವನ್ನೂ ಪಿಸ್ತೂಲನ್ನೂ ಕಲ್ಪಿಸಿ ಕೊಡಲಿಲ್ಲ. ಬರಿಯ ತರಿಯಾಗಿ ನಿಂತಿತು. ಇಂದಿನ ಯಂತ್ರಕ್ಕೆ ಅದೇ ಮೂಲೆಯನ್ನು ಕೊಟ್ಟು "ಸ್ಪಷ್ಟಪಡಿಸು" ಎಂದರೆ ಅದು ನಾಚದೆ ಒಂದು ಕೈ, ಐದು ಬೆರಳು, ಬೇಕಾದರೆ ಒಂದು ಉಂಗುರವನ್ನೂ ಬರೆದುಕೊಟ್ಟೀತು.

ಡಿಜಿಟಲ್ ಕ್ಯಾಮರಾಕ್ಕೆ ಅನ್ಯಾಯ ಮಾಡಬಾರದು. ಅದರ ಗದ್ದಲವೂ ಪೂರಾ ಯಂತ್ರದ ತಪ್ಪಲ್ಲ. ಬೆಳಕಿನ ಸ್ವಭಾವವೇ ಹಾಗೆ. ಬೆಳಕು ಹನಿಹನಿಯಾಗಿ ಬರುತ್ತದೆ. ತುಂತುರು ಬೀಳುವಾಗ ಅಂಗಳದಲ್ಲಿ ಒಂದೇ ಅಳತೆಯ ನಾಲ್ಕು ಬಟ್ಟಲುಗಳನ್ನಿಟ್ಟರೆ ಒಂದೊಂದರಲ್ಲಿ ಒಂದೊಂದು ಲೆಕ್ಕ. ಜಡಿಮಳೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಸಮ. ಸರಾಸರಿ 100 ಹನಿ ಬೀಳುವಲ್ಲಿ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಬೀಳುವಲ್ಲಿ ಏರುಪೇರು 100, ಅಂದರೆ ನೂರಕ್ಕೆ ಒಂದೇ. ಆದ್ದರಿಂದಲೇ ಮಬ್ಬಿನಲ್ಲಿ ತೆಗೆದ ಚಿತ್ರದ ನೆರಳುಗಳಲ್ಲಿ ಚುಕ್ಕೆಗಳು ಕುದಿಯುತ್ತವೆ. ಜೊತೆಗೆ ವಿದ್ಯುನ್ಮಂಡಲದ ಸ್ವಂತ ಗದ್ದಲವೂ ಸೇರಿಕೊಳ್ಳುತ್ತದೆ. 2018ರಲ್ಲಿ ಗೂಗಲ್, ಮರುವರ್ಷ ಆಪಲ್ ತಮ್ಮ ಮೊಬೈಲುಗಳಲ್ಲಿ ರಾತ್ರಿಯ ಚಿತ್ರಕ್ಕೆಂದು ಮಾಡಿದ ಏರ್ಪಾಡು ಮುಖ್ಯವಾಗಿ ಇಷ್ಟೆ: ಒಂದರ ಬದಲು ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದಿಟ್ಟು ಸರಾಸರಿ ಮಾಡುವುದು. ಇದರಲ್ಲಿ ಮೋಸವಿಲ್ಲ, ಬಟ್ಟಲನ್ನು ಮಳೆಯಲ್ಲಿ ಹೆಚ್ಚು ಹೊತ್ತು ಇಟ್ಟ ಹಾಗೆ. ಮೋಸ ಆರಂಭವಾಗುವುದು ಬೀಳದ ಹನಿಯನ್ನು ಬಿದ್ದಿತೆಂದು ಲೆಕ್ಕ ಬರೆಯುವಲ್ಲಿ. ತಾನು ಕಲಿತ ಲಕ್ಷಾಂತರ ಚಿತ್ರಗಳ ಬಲದಿಂದ ಇಲ್ಲಿ ಕೆನ್ನೆ ಹೀಗಿರಬೇಕು, ಅಲ್ಲಿ ಎಲೆ ಹಾಗಿರಬೇಕು ಎಂದು ಊಹಿಸಿ ತುಂಬುವ ವಿಧಾನಗಳು ಈಗ ಎಲ್ಲರ ಕೈಗೂ ಬಂದಿವೆ. ಎರಡಕ್ಕೂ ಜಾಹೀರಾತಿನಲ್ಲಿ ಒಂದೇ ಮಾತು: "ಗದ್ದಲವನ್ನು ತೆಗೆದಿದ್ದೇವೆ."

ಈ ಬೆಳಕಿನಲ್ಲಿ ನಮ್ಮ ವಿದ್ಯಾರ್ಥಿಯ ಒಗ್ಗರಣೆ ನನಗೆ ಅಷ್ಟೇನೂ ಅಪರಾಧವಾಗಿ ಕಾಣುವುದಿಲ್ಲ. ಅವನ ಮೊಬೈಲು ತಾನಾಗಿ ಚುಕ್ಕೆಗಳನ್ನೆಲ್ಲ ನುಣ್ಣಗೆ ಸವರಿ, ಆ ಮುದುಕನ ಮುಖವನ್ನು ಮೇಣದ ಬೊಂಬೆಯಂತೆ ಮಾಡಿ ಕೊಟ್ಟಿರಬೇಕು, ಯಾರೂ ತೆಗೆಯದೆ ತಾನೇ ಹುಟ್ಟಿಕೊಂಡಂತಿದ್ದ ಆ ಚಿತ್ರ ಅವನಿಗೆ ರುಚಿಸಲಿಲ್ಲ, ತರಿ ಬೆರೆಸಿದ. ಹೊಸಗನ್ನಡದ ಕವಿ ನಡುವೆ ಹಳಗನ್ನಡದ ಒಂದು ಶಬ್ದವನ್ನಿಟ್ಟು ಗಾಂಭೀರ್ಯ ತಂದುಕೊಳ್ಳುವುದಿಲ್ಲವೆ? ಅದು ಅಲಂಕಾರ. ಅತಿಯಾದರೆ ನಗೆಪಾಟಲು, ಹಿತವಾಗಿದ್ದರೆ ಸೊಗಸು. ಹಾಗೆಯೇ ನೆಟ್‌ಫ್ಲಿಕ್ಸಿನವರ ಚೀಟಿಯ ಉಪಾಯವೂ ಒಂದು ಸಾಗಾಣಿಕೆಯ ಜಾಣತನ. ನಿಧಾನವಾದ ಸಂಪರ್ಕವಿರುವ ಹಳ್ಳಿಯ ನೋಡುಗನಿಗೆ ಅದರಿಂದ ಉಪಕಾರವೇ. ಮೂಲ ಪ್ರತಿ ಎಲ್ಲಿಯೋ ಕೆಡದೆ ಉಳಿದಿದೆ ಎಂಬ ಭರವಸೆ ಇರುವ ತನಕ ಈ ಬಗ್ಗೆ ನಿದ್ದೆಗೆಡಬೇಕಾಗಿಲ್ಲ.

ನಿದ್ದೆಗೆಡಿಸುವುದು ಹಳೆಯ ಚಿತ್ರಗಳ 'ಶುದ್ಧೀಕರಣ'. ಜೇಮ್ಸ್ ಕ್ಯಾಮರೂನ್ ಅವರ 'ಏಲಿಯನ್ಸ್' (1986), 'ಟ್ರೂ ಲೈಸ್' (1994) ಮೊದಲಾದ ಚಿತ್ರಗಳ ಹೊಸ 4ಕೆ ಪ್ರತಿಗಳ ಡಿಸ್ಕುಗಳು 2024ರಲ್ಲಿ ಮಾರುಕಟ್ಟೆಗೆ ಬಂದಾಗ ಅಭಿಮಾನಿಗಳೇ ಬೇಸರಗೊಂಡರು. ತರಿ ಅಳಿಸಿಹೋಗಿ ನಟರ ಚರ್ಮ ಮೇಣದಂತಾಗಿದೆ, ಯಂತ್ರ ಇಲ್ಲದ ಗೆರೆಗಳನ್ನು ತಿದ್ದಿ ಬರೆದಿದೆ ಎಂಬುದು ಅವರ ದೂರು. ನಿರ್ದೇಶಕರೇ ಒಪ್ಪಿ ಹೊರತಂದದ್ದಲ್ಲವೆ ಎಂದು ಕೇಳಬಹುದು. ಹೌದು, ಕವಿಯೂ ತನ್ನ ಕಾವ್ಯವನ್ನು ಮುಪ್ಪಿನಲ್ಲಿ ತಿದ್ದಬಹುದು. ಆದರೆ ಮೊದಲ ಪಾಠ ಅಂಗಡಿಯಲ್ಲಿ ಸಿಗದಂತಾಗಬಾರದು. ನಮ್ಮ ಕಡೆಗೆ ಬಂದರೆ, ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ, ಎಸ್. ರಾಮಚಂದ್ರ ಅವರ ಛಾಯಾಗ್ರಹಣದ 'ಘಟಶ್ರಾದ್ಧ' 2024ರಲ್ಲಿ ಪುನರುದ್ಧಾರಗೊಂಡು ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಇಂಥ ಕೆಲಸದಲ್ಲಿ ವಿವೇಕಿಗಳು ಪಾಲಿಸುವ ಭೇದ ಸರಳವಾದದ್ದು: ಗೀರು, ಧೂಳು, ಹರಕು ಇವು ಪ್ರತಿ ಕಂಡ ಕಷ್ಟಗಳು, ಅವನ್ನು ತೆಗೆಯಬಹುದು; ತರಿ ಚಿತ್ರದ ಮೈ, ಅದನ್ನು ಮುಟ್ಟಬಾರದು.

ಗ್ರಂಥಸಂಪಾದನೆಯ ಪಾಠ ಹೇಳುವವನಾದ್ದರಿಂದ ನನಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಓಲೆಗರಿಯ ಮೂಲೆಯನ್ನು ಹುಳು ತಿಂದಿದ್ದರೆ ಸಂಪಾದಕ ಅಲ್ಲಿ ಚುಕ್ಕೆಗಳನ್ನಿಟ್ಟು 'ಗ್ರಂಥಪಾತ' ಎಂದು ಸೂಚಿಸುತ್ತಾನೆ. ಊಹೆಗೆ ಧೈರ್ಯವಿದ್ದರೆ ತನ್ನ ಪಾಠವನ್ನು ಕಂಸದಲ್ಲಿಡುತ್ತಾನೆ. ಛಂದಸ್ಸು, ಪ್ರಾಸ, ಕವಿಯ ಶೈಲಿ ಎಲ್ಲವನ್ನೂ ಬಲ್ಲ ಪಂಡಿತ ಕಂಸವಿಲ್ಲದೆ ತುಂಬಿದರೆ ಪದ್ಯ ಓದುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಅಪಾಯವಿರುವುದೂ ಅಲ್ಲಿಯೇ. ಕೆಟ್ಟ ಊಹೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ; ಒಳ್ಳೆಯ ಊಹೆ ಕವಿಯ ಹೆಸರಿನಲ್ಲಿ ಬದುಕಿಬಿಡುತ್ತದೆ. ಇಂದಿನ ಯಂತ್ರ ಅಂಥ ಪಂಡಿತ. ಅದಕ್ಕೆ ಕಂಸ ಹಾಕುವ ಅಭ್ಯಾಸವಿಲ್ಲ.

ಇಷ್ಟೆಲ್ಲ ಯೋಚನೆಗೆ ನನ್ನನ್ನು ಹಚ್ಚಿದ್ದು ವಿದ್ಯಾರ್ಥಿಯ ಚಿತ್ರ ಮಾತ್ರವಲ್ಲ, ಮನೆಯ ಒಂದು ಪ್ರಸಂಗವೂ ಹೌದು. ನನ್ನ ತಂದೆಯ ತಾಯಿಯದೆಂದು ನಮ್ಮಲ್ಲಿ ಉಳಿದಿರುವುದು ಒಂದೇ ಭಾವಚಿತ್ರ. ಅದೂ ಮದುವೆಯ ಗುಂಪಿನ ಚಿತ್ರವೊಂದರ ಅಂಚಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಮುಖ. ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ಕೆನ್ನೆ, ಹಣೆಯ ತುಂಬ ಅದರ ಕಲೆಗಳು. ಕಳೆದ ವರ್ಷ ಅಜ್ಜಿಯ ತಿಥಿಗೆ ಮೊದಲು ಆ ಮುಖವನ್ನು ಹಿಗ್ಗಿಸಿ ಚೌಕಟ್ಟು ಹಾಕಿಸಲು ಸ್ಟುಡಿಯೋ ಒಂದಕ್ಕೆ ಕೊಟ್ಟೆ. ಎರಡು ದಿನಗಳಲ್ಲಿ ಥಳಥಳಿಸುವ ಚಿತ್ರ ಬಂತು. ಕಣ್ಣಿನ ರೆಪ್ಪೆ ಎಣಿಸಬಹುದು. ಮೂಗುಬೊಟ್ಟಿನ ಹರಳು ಎಣಿಸಬಹುದು. ಕೆನ್ನೆ ಹಾಲಿನ ಕೆನೆಯಂತೆ ನಯ. ತಿಥಿಗೆ ಬಂದ ಸೋದರತ್ತೆ ಹೂ ಏರಿಸಲು ಹೋದವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಇದು ಯಾರೋ? ಅಮ್ಮ ಎಲ್ಲಿ?" ಎಂದರು.

ತರಿಗೂ ಸಿಡುಬಿನ ಕಲೆಗೂ ಯಂತ್ರ ಭೇದವೆಣಿಸಿರಲಿಲ್ಲ. ಅದರ ತಪ್ಪನ್ನು ಹೇಗೆ ಹೇಳುವುದು? ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು. ಈ ಯಂತ್ರ ನೋಡಿ ಕಲಿತ ಮುಖಗಳಲ್ಲಿ ಸಿಡುಬಿನ ಮುಖಗಳು ಎಷ್ಟಿದ್ದಾವು? ಅದಕ್ಕೆ ಗೊತ್ತಿರುವ ಕೆನ್ನೆಯನ್ನು ಅದು ಅಜ್ಜಿಗೆ ಕೊಟ್ಟಿತು. ಅವಳು ಎಂಬತ್ತು ವರ್ಷ ಹೊತ್ತು ನಡೆದ ಮುಖ, ಆ ಕಲೆಗಳಿಂದಾಗಿ ಅವಳ ಮದುವೆ ತಡವಾದ ಕಥೆ, "ಮಾರಿಯಮ್ಮ ಮುದ್ದಿಟ್ಟ ಗುರುತು" ಎಂದು ಅವಳೇ ನಮಗೆ ಹೇಳಿ ನಗುತ್ತಿದ್ದದ್ದು, ಇದಾವುದೂ ಆ ಚಿತ್ರದಲ್ಲಿರಲಿಲ್ಲ. ನನ್ನ ಮಗಳು ಅಜ್ಜಿಯನ್ನು ಕಂಡವಳಲ್ಲ; ಅತ್ತೆ ಆ ದಿನ ಬಾರದೆ ಹೋಗಿದ್ದರೆ ಆ ನಯವಾದ ಹೆಂಗಸನ್ನೇ ಅವಳು ಮುತ್ತಜ್ಜಿಯೆಂದು ತಿಳಿದು ಬೆಳೆಯುತ್ತಿದ್ದಳು. ನಾನು ಕಲೆಗಳನ್ನು ನೆನಪಿಟ್ಟವನು. ಆದರೂ ಚಿತ್ರವನ್ನು ಅಂಗಡಿಯಿಂದ ಮನೆಗೆ ತಂದು ಗೋಡೆಗೆ ತೂಗುಹಾಕುವವರೆಗೆ ಅವು ಇಲ್ಲವೆಂಬುದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸ್ಟುಡಿಯೋದ ಹುಡುಗನ ಬಳಿಗೆ ಮತ್ತೆ ಹೋದೆ. "ಸಾರ್, ಏನೂ ತಿದ್ದದೆ ಹಿಗ್ಗಿಸಿದರೆ ಪೂರಾ ಒಡೆದುಹೋಗುತ್ತೆ, ಆಮೇಲೆ ನನ್ನ ಬೈಬಾರದು" ಎಂದು ಎಚ್ಚರಿಸಿದ. ಬೈಯುವುದಿಲ್ಲವೆಂದು ಮಾತು ಕೊಟ್ಟು, ಇನ್ನೊಮ್ಮೆ ಹಣವನ್ನೂ ಕೊಟ್ಟು ಬಂದೆ. ಅವನು ಹೇಳಿದಂತೆಯೇ ಆಗಿದೆ. ಹತ್ತಿರ ಹೋಗಿ ನೋಡಿದರೆ ಬರಿಯ ತರಿ; ಕಣ್ಣು ಎಲ್ಲಿ, ಕಲೆ ಎಲ್ಲಿ ಎಂದು ತಿಳಿಯುವುದಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಅಜ್ಜಿ ಕಾಣುತ್ತಾಳೆ. ಅತ್ತೆ ಊರಿಗೆ ಹೊರಡುವಾಗ ಅದರದೊಂದು ಪ್ರತಿ ತಮಗೂ ಬೇಕೆಂದು ಕೇಳಿ ತೆಗೆದುಕೊಂಡು ಹೋದರು.